ಮದುವಿ ತಾರೀಖು ಬ್ಯಾರೆ, ದವಡಿ ತಾರೀಖು ಬ್ಯಾರೆ

ಬಾಯಿ ಬಿಚ್ಚಿ ಕೇಳ್ರಿ: ಓದುಗರ ಪ್ರಶ್ನೆ, ಧಾರವಾಡದ ಹಲ್ಲಿನ ಕ್ಲಿಪ್ ಡಾಕ್ಟರ್ ಉತ್ತರ

ಈ ತಿಂಗಳ ಬಂದ ಪತ್ರದಾಗ ನಾಕು ದವಡಿ ಮ್ಯಾಲನ ಅದಾವ, ಹಿಂಗಾಗಿ ಹುಳುಕು ಹಲ್ಲಿನವ್ರು, ವಸಡಿನ್ಯಾಗ ರಕ್ತ ಬರೂವವ್ರು ಮುಂದಿನ ತಿಂಗಳತನಕ ತಡಕೋರಿ. ಮೊದಲನೇ ಪತ್ರ ಉದ್ದ ಐತಿ, ಅದಕ್ಕ ನನ್ನ ಉತ್ತರಾನೂ ಉದ್ದ ಆಗೇತಿ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಂಗ 29 ವರ್ಷ, ಗದಗಿನ್ಯಾಗ ಒಂದು ಪ್ರೈವೇಟ್ ಹೈಸ್ಕೂಲಿನ್ಯಾಗ ಟೀಚರ್ ಅದೀನಿ. ನನ್ನ ಕೆಳಗಿನ ದವಡಿ ಮುಂದ ಐತಿ, ಬಾಯಿ ಮುಚ್ಚಿದ್ರ ಕೆಳಗಿನ ಹಲ್ಲು ಮ್ಯಾಲಿನ ಹಲ್ಲಿನ ಮುಂದ ಬಂದ ಕುಂದರತಾವ. ನಮ್ಮಪ್ಪಂದೂ ಹಂಗ ಐತಿ ಆದ್ರ ಅವ್ರು ಗಡ್ಡ ಬಿಟ್ಟಾರ, ಕಾಣಂಗಿಲ್ಲ. ನಂಗ 13 ವರ್ಷ ಇದ್ದಾಗ ಒಬ್ಬ ಡಾಕ್ಟರ್ ಕೆಳಗಿನ ಎರಡು ಹಲ್ಲು ಕಿತ್ತು ಕ್ಲಿಪ್ ಹಾಕಿದ್ರು, ಎರಡು ವರ್ಷಕ್ಕ ಎಲ್ಲಾ ಸರಿ ಆತು ಅಂತ ತಗದ್ರು, ಪಿಯುಸಿ ಮುಗಿಯೂದ್ರಾಗ ಮತ್ತ ಮೊದಲಿನಂಗ ಆತು. ಸಾಲ್ಯಾಗ ನಂಗಿಟ್ಟ ಹೆಸರು ಇಲ್ಲಿ ಬರಿಯಂಗಿಲ್ರಿ. ಈಗ ವರ ನೋಡಾಕತ್ತಾರ, ಮೂರು ಕಡೆಯವ್ರು ನೋಡಿ ಚಾ ಕುಡದು ಹೋದವ್ರು ಹೊಳ್ಳಿ ಫೋನ್ ಮಾಡಲಿಲ್ಲ. ನಾಕನೇದವ್ರು ಒಪ್ಪ್ಯಾರ, ಉಗಾದಿ ಆದ ಮ್ಯಾಲ ಮದುವಿ ಅಂತಾರ, ಇನ್ನ ಎಂಟು ತಿಂಗಳ ಐತಿ, ಅದರೊಳಗ ದವಡಿ ಆಪರೇಶನ್ ಮಾಡಿಸ್ಕೊಂಡ ಬಿಡೋಣ ಅಂತ ನನ್ನ ಆಸೆ. ಅವ್ವ ದೇವ್ರು ಕೊಟ್ಟ ಮುಖಕ್ಕ ಕತ್ತಿ ಹಚ್ಚಿಸ್ಕೋಬ್ಯಾಡ ಅಂತಾಳ. ನಂಗ ವಯಸ್ಸು ಮೀರಿಲ್ಲೇನ್ರಿ? ಮುಖದ ಮ್ಯಾಲ ಗಾಯದ ಗುರ್ತು ಉಳಿತೈತೇನು? ಖರ್ಚೆಷ್ಟು?
(ಹೆಸರು ಬ್ಯಾಡ, ಗದಗ)

ಉತ್ತರ: ತಂಗಿ, ವಯಸ್ಸು ಮೀರಿಲ್ಲ. ಖರೇ ಹೇಳಬೇಕಂದ್ರ 13ಕ್ಕ ಮಾಡಿದ್ದು ಜಲ್ದಿ ಆಗಿತ್ತು. ಮುಖದ ಎಲುಬಿನ್ಯಾಗ ಎಲ್ಲಾಕ್ಕಿಂತ ತಡಾ ಬೆಳದು ನಿಲ್ಲೂದು ಕೆಳಗಿನ ದವಡಿ, ಹೆಣ್ಮಕ್ಕಳಿಗೆ 16-17ರ ಸುಮಾರು, ಗಂಡಮಕ್ಕಳಿಗೆ 18, ಒಮ್ಮೊಮ್ಮೆ 21ರತನಕ. ನಿಮ್ದು ಇನ್ನ ಬೆಳಿಯೂದಿತ್ತು, ಹಲ್ಲು ಕಿತ್ತು ಕ್ಲಿಪ್‌ನಿಂದ ಹೊಂದಿಸಿದ್ರು, ಹಲ್ಲು ಹೊಂದಿದ್ವು, ಆದ್ರ ಕೆಳಗಿನ ಎಲುಬು ತನ್ನಷ್ಟಕ್ಕ ತಾ ಬೆಳಕೋತ ಹೋತು. ಆ ಡಾಕ್ಟರ್ ಅವಾಗ ಇನ್ನ ಬೆಳೀತೈತಿ ಅಂತ ಹೇಳಿದ್ರೋ ಇಲ್ಲೋ ನಂಗೊತ್ತಿಲ್ಲ, ಹೇಳಬೇಕಾಗಿತ್ತು ಅಂತ ಮಾತ್ರ ಅನಸತೈತಿ. ಈಗ 29ಕ್ಕ ನಿಮ್ಮ ದವಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೈತಿ, ಇವತ್ತ ಅಳತಿ ತಗೊಂಡ್ರ ನಾಳೆ ಆ ಅಳತಿ ಬದಲಾಗಂಗಿಲ್ಲ. 40 ದಾಟಿದವ್ರೂ ಇದನ್ನ ಮಾಡಿಸ್ಕೋತಾರ, ಮ್ಯಾಲ ಇಷ್ಟ ವಯಸ್ಸು ಅಂತ ಗೆರಿ ಏನಿಲ್ಲ, ಮೈಯಾಗಿನ ಆರೋಗ್ಯ ನೋಡತಾರ ಅಷ್ಟ.

ಆದ್ರ ಎಂಟು ತಿಂಗಳದಾಗ? ಆಗಂಗಿಲ್ರಿ. ನನ್ನ ಕಡೆ ಬರೂವವ್ರು ನೂರಕ್ಕ ತೊಂಬತ್ತು ಮಂದಿ (ಇದು ನನ್ನ ಅಂದಾಜು, ಲೆಕ್ಕ ಇಟ್ಟಿಲ್ಲ) ಆಪರೇಶನ್ ಯಾವಾಗ ಅಂತ ಕೇಳ್ತಾರ, ಕ್ಲಿಪ್ ಎಷ್ಟ ದಿನ ಅಂತ ಕೇಳಂಗಿಲ್ಲ. ಆಪರೇಶನ್ ಅನ್ನೋದು ಒಂದ ದಿನದ ಕೆಲಸ. ಅದಕ್ಕಿಂತ ಮೊದಲ ಒಂದರಿಂದ ಒಂದೂವರಿ ವರ್ಷ ಕ್ಲಿಪ್ಪು, ಆದ ಮ್ಯಾಲ ಮತ್ತ ಆರು ತಿಂಗಳ ಕ್ಲಿಪ್ಪು, ಎಲ್ಲಾ ಸೇರಿ ಎರಡು ವರ್ಷ ಅಂತ ಇಟ್ಕೋರಿ. ಕೆಲವು ಕೇಸಿನ್ಯಾಗ ಮೊದಲ ಆಪರೇಶನ್ ಮಾಡಿ ಆಮ್ಯಾಲ ಕ್ಲಿಪ್ ಹಾಕೂದೂ ಐತಿ, ಆದ್ರ ಎಲ್ಲಾರ ಹಲ್ಲಿಗೂ ಅದು ಹೊಂದಂಗಿಲ್ಲ, ನಿಮ್ದರಾಗ ಎರಡು ಹಲ್ಲು ಬ್ಯಾರೆ ಕಿತ್ತಾರ. ಕೇಳಿ ನೋಡ್ರಿ, ಆಸೆ ಇಟ್ಕೋಬ್ಯಾಡ್ರಿ.

ಇಷ್ಟು ಕ್ಲಿಪ್ ಯಾಕ ಬೇಕು ಅನ್ನೋದನ್ನ ಹೇಳತೀನಿ, ಇಲ್ಲೇ ಎಲ್ಲಾರೂ ಅರ್ಧಕ್ಕ ಗಾಬರಿ ಆಗ್ತಾರ. ಹಳೇ ಮನಿ ಚೌಕಟ್ಟು ಸೊಟ್ಟ ಆದ್ರ ಬಡಿಗ್ಯಾರು ಬಾಗಲದ ಅಂಚು ಕೆತ್ತಿ ಹೆಂಗೋ ಮುಚ್ಚೂವಂಗ ಮಾಡಿರ್ತಾರಲ್ಲ, ಬಾಯಾಗೂ ಹಂಗ ಆಗಿರತೈತಿ. ಕೆಳಗಿನ ದವಡಿ ಮುಂದ ಹೋದಂಗ ಕೆಳಗಿನ ಹಲ್ಲು ಹಿಂದಕ್ಕ ವಾಲ್ತಾವ, ಮ್ಯಾಲಿನವು ಮುಂದಕ್ಕ ವಾಲ್ತಾವ, ಒಂದಕ್ಕೊಂದು ಮುಟ್ಟಬೇಕಂತ. ಈಗ ಚೌಕಟ್ಟು ಸರಿ ಮಾಡಬೇಕಂದ್ರ ಮೊದಲ ಆ ವಾಲಿದ ಹಲ್ಲನ್ನ ನೆಟ್ಟಗ ನಿಲ್ಲಸಬೇಕು. ನಿಲ್ಲಿಸಿದ ಮ್ಯಾಲ ಮ್ಯಾಲಿನ ಕೆಳಗಿನ ಹಲ್ಲಿನ ನಡು ಸಂದಿ ಇನ್ನೂ ಹೆಚ್ಚಾಗತೈತಿ, ಗದ್ದ ಇನ್ನೂ ಮುಂದ ಕಾಣತೈತಿ, ಅಗಿಯೂದು ಇನ್ನೂ ಕಷ್ಟ. ಅಂದ್ರ ಮಗಳನ್ನ ಸರಿ ಮಾಡ್ರಿ ಅಂತ ಕರಕೊಂಡ ಬಂದ ಅವ್ವಗ ಎಂಟು-ಹತ್ತು ತಿಂಗಳಾದ ಮ್ಯಾಲ ಮಗಳು ಮೊದಲಿಗಿಂತ ಕೆಟ್ಟ ಕಾಣತಾಳ. ನೀವು ಈಗ ಕ್ಲಿಪ್ ಹಾಕಿಸ್ಕೊಂಡ್ರ ಉಗಾದಿ ಮುಂದ ಬರೂದು ಸರಿಯಾಗಿ ಆ ತಿಂಗಳನ, ಮದುವಿ ಫೋಟೋದಾಗ ಅದ ಕಾಣತೈತಿ.

ನಿಮ್ಮಪ್ಪಂದು ಗಡ್ಡದಾಗ ಮುಚ್ಚೇತಿ ಅಂದ್ರಿ. ಮನೆತನದಾಗ ಇದು ಬರೂದು ಹೊಸದಲ್ಲ, ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜರ ಚಿತ್ರ ನೋಡ್ರಿ, ತಲಿಮಾರುಗಟ್ಟಲೆ ಅದ ಗದ್ದ. 1700ರಾಗ ತೀರ್ಕೊಂಡ ಸ್ಪೇನಿನ ಎರಡನೇ ಚಾರ್ಲ್ಸ್‌ಗ ಅಗದು ತಿನ್ನೂದ ಆಗ್ತಿರಲಿಲ್ಲಂತ, ಅರಸೊತ್ತಿಗಿ ಇದ್ದೂ ಏನು ಬಂತು.

ಈಗ ಅವ್ವನ ಮಾತಿಗೆ ಬರೋಣ. ಅವ್ವನ ಮುಂದ ಒಂದು ಹಕ್ಕರಕಿ ಎಲಿ ತಗೊಂಡು ಮುಂದಿನ ಹಲ್ಲಿಂದ ಕಚ್ಚಿ ಹರೀರಿ. ಹರಿಯಂಗಿಲ್ಲ. ಎಲಿ ಹಲ್ಲಿನ ನಡು ಜಾರಿ ಇಡೀದ್ದು ಬಾಯಿಗೆ ಬರತೈತಿ, ಇಲ್ಲಾ ದಂಟು ಸಮೇತ ಹೊರಗ ಉಳಿತೈತಿ. ಮಿರ್ಚಿ ಭಜಿ ಕಚ್ಚಿದ್ರ ಮ್ಯಾಲಿನ ಹಿಟ್ಟಿನ ಪದರ ಬಾಯಿಗೆ, ಮೆಣಸಿನಕಾಯಿ ಕೈಯಾಗ. ಕಡಕ್ ರೊಟ್ಟಿ ಆದ್ರ ನೀವು ಪಕ್ಕದ ಹಲ್ಲಿಂದ ಮುರದು ತಿಂತೀರಿ, ಸಣ್ಣಾಕಿ ಇದ್ದಾಗಿಂದ ಹಂಗ ತಿಂದು ರೂಢಿ ಆಗಿ ನಿಮಗ ಅದು ಕೊರತಿ ಅಂತನ ಗೊತ್ತಿರಂಗಿಲ್ಲ. ಅವ್ವ 29 ವರ್ಷ ಉಣ್ಣಾಕ ನೀಡ್ಯಾಳ, ಇದನ್ನ ನೋಡಿರಂಗಿಲ್ಲ. ಚಂದ ಕಾಣಬೇಕು ಅನ್ನೋದೂ ತಪ್ಪೇನಲ್ಲ ಬಿಡ್ರಿ, ಅದನ್ನ ಹೇಳಾಕ ನಾಚಿಕೊಂಡು ಬರೇ ಅಗಿಯೂದರ ಸಲುವಾಗಿ ಬಂದೀನ್ರಿ ಅನ್ನೂವವ್ರು ನನ್ನ ಮುಂದ ಭಾಳ ಮಂದಿ ಕುಂತು ಹೋಗ್ಯಾರ. ಎರಡೂ ಹೇಳ್ರಿ, ಎರಡೂ ಬರಕೋತೀವಿ. ವರನ ಕಡೆಯವ್ರು ಮೊದಲ ಮಾಡಿಸ್ಕೊಂಡ ಬಾ ಅಂದಾರ ಅಂತ ಯಾರರ ಬಂದ್ರ ಮಾತ್ರ ನಾ ಅವತ್ತ ಕೇಸ್ ತಗೊಳ್ಳಂಗಿಲ್ಲ, ಮನಿಗೆ ಹೋಗಿ ತಿಂಗಳ ಬಿಟ್ಟು ಬರ್ರಿ ಅಂತೀನಿ.

ಆಪರೇಶನ್ ಹೆಂಗ ಅಂದ್ರ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡ್ತಾರ, ಉಸಿರಿನ ನಳಗಿ ಮೂಗಿನಿಂದ ಹಾಕ್ತಾರ ಯಾಕಂದ್ರ ಕೆಲಸ ಎಲ್ಲಾ ಬಾಯಾಗ. ಕೊಯ್ಯೂದು ಒಳಗ, ತುಟಿ ಗಲ್ಲದ ಒಳಮೈಗೆ, ಹಿಂಗಾಗಿ ಮುಖದ ಮ್ಯಾಲ ಗುರ್ತು ಉಳಿಯೂದಿಲ್ಲ. ಬಾಯಿ ಒಳಗಿಂದನ ಕೆಳದವಡಿಯನ್ನ ಎರಡೂ ಕಡೆ ಉದ್ದಕ ಸೀಳಿ ಸರಸೂ ಪದ್ಧತಿಯನ್ನ 1957ರಾಗ ಹ್ಯೂಗೋ ಓಬ್‌ವೆಗೇಸರ್ ಅನ್ನೋ ಸರ್ಜನ್ ಬರದಿಟ್ರು, ಇವತ್ತಿಗೂ ಜಗತ್ತಿನ್ಯಾಗ ಅದನ್ನ ಸ್ವಲ್ಪ ತಿದ್ದಿ ಮಾಡ್ತಾರ. ಹಂಚಿನ ಮ್ಯಾಲ ಹಂಚು ಕುಂದರಸಿ ಸರಸಿದಂಗ, ಎಲುಬಿನ ಎರಡು ಪದರ ಒಂದರ ಮ್ಯಾಲೊಂದು ಜಾರತಾವ, ಬೇಕಾದಷ್ಟು ಹಿಂದ ತಂದು ಟೈಟೇನಿಯಂ ಪ್ಲೇಟು, ಸಣ್ಣ ಸ್ಕ್ರೂ ಹಾಕಿ ಕೂಡಸ್ತಾರ, ಅವು ಒಳಗ ಉಳಿದ್ರೂ ತ್ರಾಸಿಲ್ಲ. ಇನ್ನೊಂದು, ನಿಮ್ಮಂಥವ್ರೊಳಗ ಭಾಳ ಮಂದಿಗೆ ಕೆಳಗಿಂದು ಮುಂದ ಬಂದಿದ್ದಷ್ಟ ಅಲ್ಲ, ಮ್ಯಾಲಿಂದು ಹಿಂದ ಉಳದಿರತೈತಿ. ತಲಿಯನ್ನ ಪಕ್ಕದಿಂದ ತಗಿಯೂ ಎಕ್ಸ್‌-ರೇ, ಸೆಫಲೋಗ್ರಾಮ್, ಅದರಾಗ ಅಳದ್ರ ಗೊತ್ತಾಗತೈತಿ. ಹಂಗಿದ್ರ ಎರಡೂ ದವಡಿ ಮಾಡ್ತಾರ, ಅದಕ್ಕ ಹೆದರಬ್ಯಾಡ್ರಿ, ಎಲ್ಲಾ ಭಾರ ಕೆಳಗಿನ ದವಡಿ ಮ್ಯಾಲ ಹಾಕಿ ಭಾಳ ಹಿಂದ ತಳ್ಳೂದಕ್ಕಿಂತ ಎರಡರಾಗ ಹಂಚೂದು ಬೇಷಿ.

ಬುದ್ಧಿ ಹಲ್ಲು ಇದ್ರ ಆಪರೇಶನ್‌ಕಿಂತ ಆರು ತಿಂಗಳ ಮೊದಲನ ತಗಸ್ತಾರ, ಎಲುಬು ಸೀಳೂ ಜಾಗಾದಾಗನ ಅವು ಇರ್ತಾವ. ಈ ಬುದ್ಧಿ ಹಲ್ಲಿನ ದಿನಾನ ನಾ ಒಂದು ಕೆಲಸ ಮಾಡಸ್ತೀನಿ. ಯಾಕಂದ್ರ ನಾ ಹೊಸದಾಗಿ ಪ್ರಾಕ್ಟೀಸ್ ಸುರು ಮಾಡಿದಾಗ ಒಬ್ಬಾಕಿಗೆ ಕೆಳಗಿನ ತುಟಿ ಸ್ವಲ್ಪ ದಿನ ಜೋಮು ಹಿಡೀತೈತಿ ನೋಡವಾ ಅಂತ ಒಂದ ಮಾತಿನ್ಯಾಗ ಹೇಳಿ ಮುಗಸಿದ್ದೆ. ಆಪರೇಶನ್ ಚೊಲೋ ಆತು, ಮುಖ ಚೊಲೋ ಆತು, ನಾಕನೇ ತಿಂಗಳಕ್ಕ ಆಕಿ ಬಂದು ಕುಂತು ಪರ್ಸಿನ್ಯಾಗಿಂದ ಸಣ್ಣ ಕನ್ನಡಿ ತಗದು ಟೇಬಲ್ ಮ್ಯಾಲ ಇಟ್ಟು, ಮೇಡಂ ಚಾ ಕುಡದ ಮ್ಯಾಲ ಇದರಾಗ ನೋಡ್ಕೋತೀನ್ರಿ, ತುಟಿ ಮ್ಯಾಲ ಹನಿ ಉಳದದ್ದು ನಂಗ ಗೊತ್ತಾಗಂಗಿಲ್ಲ ಅಂದ್ಲು. ಸಿಟ್ಟಿಲ್ಲ, ಬೈಯಲಿಲ್ಲ. ಕೆಳಗಿನ ದವಡಿ ಒಳಗ ಒಂದು ನರ ಹೋಗತೈತಿ, ತುಟಿ ಮತ್ತ ಗದ್ದಕ್ಕ ಸ್ಪರ್ಶ ಕೊಡೂದು ಅದ. ಸೀಳೂವಾಗ ಅದು ಎಳದು ಜಗ್ಗಾಡತೈತಿ. ತುಟಿ ಅಲ್ಲಾಡೂದು ಕೆಡಂಗಿಲ್ಲ, ಮಾತು ನಗಿ ಎಲ್ಲಾ ಇರತೈತಿ, ಮುಟ್ಟಿದ್ದು ಗೊತ್ತಾಗಂಗಿಲ್ಲ. ಭಾಳ ಮಂದಿಗೆ ಕೆಲವು ತಿಂಗಳದಾಗ ಹೊಳ್ಳಿ ಬರತೈತಿ, ಕೆಲವ್ರಿಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗಾ ಕಾಯಂ ಮಂದ ಉಳಿತೈತಿ, ವಯಸ್ಸು ಹೆಚ್ಚಿದ್ದಷ್ಟು ಉಳಿಯೂ ಸಾಧ್ಯತಾ ಹೆಚ್ಚು. ಅದಕ್ಕ ಈಗ ಬುದ್ಧಿ ಹಲ್ಲು ತಗಿಯೂ ದಿನ ಇಂಜೆಕ್ಷನ್ ಮಾಡಿ ತುಟಿ ಜೋಮು ಹಿಡದಾಗ ಕನ್ನಡಿ ಮುಂದ ಕುಂದರಸಿ ಒಂದು ಗುಟುಕು ತಣ್ಣೀರು ಕುಡಸ್ತೀನಿ. ಇದು ಅದ ನರ, ಅದ ಜೋಮು. ಇದು ಇವತ್ತ ಎರಡು ಮೂರು ತಾಸಿಗೆ ಬಿಡತೈತಿ, ಅವತ್ತ ಆರು ತಿಂಗಳ ಇರಬಹುದು, ಒಂಚೂರು ಜಾಗಾದಾಗ ಬಿಡದನೂ ಇರಬಹುದು, ನಡೀತೈತೇನು? ಅಂತ ಕೇಳ್ತೀನಿ. ಇಬ್ಬರು ಅಲ್ಲಿಂದನ ಬ್ಯಾಡ ಅಂತ ಹೊಳ್ಳಿ ಹೋಗ್ಯಾರ, ನಂಗ ಬ್ಯಾಸರಾಗಿಲ್ಲ.

ನೋವು ನೀವು ಹೆದರಿದಷ್ಟು ಇರಂಗಿಲ್ಲ, ಜೋಮು ಇರೂದರಿಂದನ. ಬಾವು ಮಾತ್ರ ಹೆದರಸತೈತಿ, ಎರಡನೇ ಮೂರನೇ ದಿನಕ್ಕ ಮುಖ ಕುಂಬಳಕಾಯಿ, ಎರಡು ಮೂರು ವಾರದಾಗ ಮುಕ್ಕಾಲು ಇಳಿತೈತಿ, ಪೂರ್ತಿ ಇಳದು ಹೊಸ ಮುಖ ಕಾಣಾಕ ಆರು ತಿಂಗಳ ಮ್ಯಾಲ. ಮೊದಲಿನಂಗ ಈಗ ಬಾಯಿ ತಂತಿ ಹಾಕಿ ಗಟ್ಟಿ ಕಟ್ಟೂದು ಕಡಿಮಿ, ಹಲ್ಲಿಗೆ ಸಣ್ಣ ರಬ್ಬರ್ ಹಾಕ್ತಾರ. ಆದ್ರ ಆರು ವಾರ ಅಗಿಯಂಗಿಲ್ಲ. ಮೊದಲ ಎರಡು ವಾರ ಬರೇ ಕುಡಿಯೂದು, ಮಜ್ಜಿಗಿ, ಜ್ವಾಳದ ಅಂಬಲಿ, ಬ್ಯಾಳಿ ಕಟ್ಟು, ಆಮ್ಯಾಲ ನುಚ್ಚು, ಮೆತ್ತಗ ಹಿಚಗಿದ ಅನ್ನ. ನಾಕೈದು ಕೆಜಿ ಇಳಿಯೂದು ಸಾಮಾನ್ಯ. ಮಾತಾಡಸಾಕ ಬಂದವ್ರೆಲ್ಲಾ ಬ್ರೆಡ್ಡು ಟೋಸ್ಟು ತರ್ತಾರ, ಮನ್ಯಾಗಿನವ್ರು ಅದನ್ನ ನಿಮ್ಮ ಮುಂದ ಚಾದಾಗ ಅದ್ದಿ ತಿಂತಾರ, ತಡಕೋಬೇಕು. ಎರಡನೇ ವಾರದಾಗ ಸುಮ್ಮಸುಮ್ಮನ ಅಳು ಬರತೈತಿ, ಯಾಕರ ಮಾಡಿಸ್ಕೊಂಡ್ನೋ ಅನಸತೈತಿ, ಇದು ಎಷ್ಟು ಮಂದಿಗೆ ಆಗತೈತಿ ಅಂದ್ರ ನಾ ಅವ್ರ ಅವ್ವಗ ಮೊದಲ ಹೇಳಿ ಇಟ್ಟಿರ್ತೀನಿ. ಟೀಚರ್ ಕೆಲಸ ಅಂದ್ರಿ, ನಾಕು ವಾರರ ರಜಾ ಬೇಕು, ಬ್ಯಾಸಗಿ ಸೂಟಿಗೆ ಹೊಂದಿಸ್ರಿ.

ಮದುವಿ? ನಂಗ ಕೇಳಿದ್ರ, ಮದುವಿ ಆಗ್ರಿ, ಹಿಂಗ ಇದ್ದ ಮುಖಾನ ಅವ್ರು ಒಪ್ಪ್ಯಾರ. ಆದ್ರ ಹುಡುಗಗ ಈಗನ ಹೇಳ್ರಿ, ಮುಂದ ಹಿಂಗ ಮಾಡಿಸ್ಕೋಬೇಕಂತೀನಿ, ಎರಡು ವರ್ಷ ಹಿಡೀತೈತಿ, ಖರ್ಚು ಐತಿ ಅಂತ. ಮದುವಿ ಆದ ಮ್ಯಾಲ ಸುರು ಮಾಡೂದಿದ್ರ ಮಗು ಯಾವಾಗ ಅನ್ನೋದನ್ನೂ ಇಬ್ಬರೂ ಕೂಡಿ ಮಾತಾಡ್ರಿ, ಬಸುರಿದ್ದಾಗ ಈ ಆಪರೇಶನ್ ಮಾಡಂಗಿಲ್ಲ, ಎಕ್ಸ್‌-ರೇನೂ ಮುಂದ ಹಾಕ್ತಾರ. ಹಿಮೋಗ್ಲೋಬಿನ್ ಈಗನ ಚೆಕ್ ಮಾಡಸ್ರಿ, ನಮ್ಮ ಕಡೆ ಹೆಣ್ಮಕ್ಕಳದು ಕಡಿಮೀನ ಇರತೈತಿ.

ಖರ್ಚು ಇಲ್ಲಿ ಬರಿಯಂಗಿಲ್ಲ, ಆಸ್ಪತ್ರಿಯಿಂದ ಆಸ್ಪತ್ರಿಗೆ ಅಷ್ಟು ಫರಕು ಐತಿ. ಡೆಂಟಲ್ ಕಾಲೇಜಿನ ಆಸ್ಪತ್ರ್ಯಾಗ ಪ್ರೈವೇಟ್‌ಕಿಂತ ಕಡಿಮಿ, ಧಾರವಾಡದ ಸತ್ತೂರಿನ್ಯಾಗ ಎಸ್‌ಡಿಎಂ ಡೆಂಟಲ್ ಕಾಲೇಜ್ 1986ರಿಂದ ಐತಿ, ಕ್ಲಿಪ್ ವಿಭಾಗ ಸರ್ಜರಿ ವಿಭಾಗ ಎರಡೂ ಒಂದ ಕಡೆ. ಗದಗಿನಿಂದ ಹುಬ್ಬಳ್ಳಿಗೆ ಬಂದು ಚಿಗರಿ ಬಸ್ ಹತ್ತಿದ್ರ ಆತು, ಆದ್ರ ತಿಂಗಳಿಗೊಮ್ಮೆ ಬರಬೇಕು, ಎರಡು ವರ್ಷಕ್ಕ ಇಪ್ಪತ್ತು ಸಲದ ಮ್ಯಾಲ, ಆ ಬಸ್ ಚಾರ್ಜು, ರಜಾ ಎಲ್ಲಾ ಲೆಕ್ಕಕ್ಕ ಹಿಡೀರಿ. ಎಲ್ಲೇ ಹೋದ್ರೂ ಕ್ಲಿಪ್ಪು, ಬುದ್ಧಿ ಹಲ್ಲು, ಸ್ಕ್ಯಾನು, ಆಸ್ಪತ್ರಿ, ಅನಸ್ತೇಶಿಯಾ, ಪ್ಲೇಟು ಸ್ಕ್ರೂ, ಎಲ್ಲಾ ಸೇರಿಸಿ ಒಂದ ಚೀಟಿ ಮ್ಯಾಲ ಬರಸ್ಕೋರಿ, ಇಲ್ಲಾಂದ್ರ ಪ್ಲೇಟಿನ ಬಿಲ್ಲು ಕಡಿಗಿ ಬಂದು ನಿಂದರತೈತಿ. ಇನ್ಶೂರೆನ್ಸ್‌ನವ್ರು ಇದು ಚಂದ ಕಾಣಾಕ ಮಾಡಿಸ್ಕೊಂಡದ್ದು ಅಂತ ತಳ್ಳಿ ಹಾಕೂದು ಸಾಮಾನ್ಯ, ಅಗಿಯಾಕ ಆಗಂಗಿಲ್ಲ ಅನ್ನೋದನ್ನ ಡಾಕ್ಟರ್ ಕಡೆ ಬರಸ್ಕೊಂಡು ಮೊದಲ ಒಪ್ಪಿಗಿ ಕೇಳ್ರಿ. ಬರೂವಾಗ 13ನೇ ವರ್ಷದ ಎಕ್ಸ್‌-ರೇ ಇದ್ರ ತರ್ರಿ, ಅಟ್ಟದ ಮ್ಯಾಲ ಎಲ್ಲೋ ಇರತೈತಿ, ಹುಡುಕ್ರಿ.

ಪ್ರಶ್ನೆ: ಡಾಕ್ಟರ್ ಮೇಡಂ, ನಾ ಹುಬ್ಬಳ್ಳ್ಯಾಗ ಬಸ್ ಕಂಡಕ್ಟರ್, ವಯಸ್ಸು 43. ನನ್ನ ಗದ್ದ ಮೊದಲಿಂದ ಸಣ್ಣದು, ಹಿಂದ ಐತಿ. ಗೊರಕಿ ಭಾಳ, ಮನ್ಯಾಗ ಯಾರೂ ಜೊತಿಗೆ ಮಲಗಂಗಿಲ್ಲ. ನಿದ್ದಿ ಟೆಸ್ಟ್ ಮಾಡಿಸಿದ್ರ ತಾಸಿಗೆ 38 ಸಲ ಉಸಿರು ಕಟ್ಟತೈತಿ ಅಂತ ಬಂತು, ರಾತ್ರಿ ಮೂಗಿಗೆ ಗಾಳಿ ಬಿಡೂ ಮಷೀನ್ ಹಾಕ್ಕೊಂಡ ಮಲಗ್ರಿ ಅಂದ್ರು. ದವಡಿ ಆಪರೇಶನ್ ಮಾಡಿಸಿದ್ರ ಮಷೀನ್ ಬಿಡಬಹುದು ಅಂತ ಒಬ್ಬರು ಹೇಳಿದ್ರು, ಖರೇನಾ? ಚಟ ಅಂದ್ರ ಗುಟ್ಕಾ ಒಂದ ಐತಿ.

ಉತ್ತರ: ಅಣ್ಣಾರ, ಹೇಳಿದವ್ರು ಸುಳ್ಳ ಹೇಳಿಲ್ಲ. ದವಡಿ ಹಿಂದ ಇದ್ರ ನಾಲಿಗಿನೂ ಹಿಂದ, ಮಲಗಿದಾಗ ಅದು ಗಂಟಲಿಗೆ ಬಿದ್ದು ಗಾಳಿ ದಾರಿ ಮುಚ್ಚತೈತಿ. ಎರಡೂ ದವಡಿ ಹತ್ತು ಮಿಲಿಮೀಟರಿನ ಸುಮಾರು ಮುಂದ ತಂದ್ರ ಹಿಂದಿನ ದಾರಿ ಅಗಲ ಆಗತೈತಿ, ಚೊಲೋ ಗುಣ ಬರತೈತಿ. ಆದ್ರ ತಾಸಿಗೆ 30 ದಾಟಿದ್ರ ಅದು ಜೋರ ಲೆಕ್ಕ, ನಿಮ್ದು 38, ಆಪರೇಶನ್ ಆಗಿ ಮತ್ತ ಟೆಸ್ಟ್ ಮಾಡೂತನಕ ಮಷೀನ್ ಒಂದು ರಾತ್ರಿನೂ ಬಿಡಬ್ಯಾಡ್ರಿ. ಮಷೀನ್ ಹೊಂದಿದ್ರ ಅದನ್ನ ನಡಸ್ಕೊಂಡ ಹೋಗ್ರಿ, ಎಷ್ಟು ಪ್ರಯತ್ನ ಮಾಡಿದ್ರೂ ಹೊಂದಲಿಲ್ಲಾಂದ್ರ ಆಪರೇಶನ್ ವಿಚಾರ.

ಒಂದ ಚಟ ಅಂತ ಹಗರಕ ಬರದೀರಿ. ನಿಮ್ಮ ಮೂರು ಬೆರಳು ಉದ್ದಕ ನಿಲ್ಲಿಸಿ ಮುಂದಿನ ಹಲ್ಲಿನ ನಡು ಇಟ್ಟು ನೋಡ್ರಿ, ಹೋಗ್ತಾವೇನು? ಹೋಗಲಿಲ್ಲಾಂದ್ರ ಗುಟ್ಕಾದಿಂದ ಗಲ್ಲದ ಒಳಗ ನಾರು ಕಟ್ಟಾಕತ್ತೈತಿ ಅಂತ ಸಂಶಯ ಬರತೈತಿ, ಅದು ಕ್ಯಾನ್ಸರ್ ಕಡೆ ಹೋಗೂ ಹಾದಿ. ಆ ಬಾಯಿ ತಗಿಯಾಕನ ಆಗಲಿಲ್ಲಾಂದ್ರ ಸರ್ಜನ್ ಒಳಗ ಹೆಂಗ ಕೆಲಸ ಮಾಡ್ತಾರ? ಗೊರಕಿ ತಡಕೋತೈತಿ, ಇದನ್ನ ಈ ವಾರನ ತೋರಸ್ರಿ.

ಪ್ರಶ್ನೆ: ನನ್ನ ಮಗನಿಗೆ 15, ದವಡಿ ಮುಂದ ಐತಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಕೂಡಲೆ ಸೂಟ್ಯಾಗ ಆಪರೇಶನ್ ಮುಗಿಸಿಬಿಟ್ರ ಪಿಯುಸಿಗೆ ತೊಂದರಿ ಆಗಂಗಿಲ್ಲ ಅಂತ ನಮ್ಮ ವಿಚಾರ. (ರಾಣೆಬೆನ್ನೂರು)

ಉತ್ತರ: ಬ್ಯಾಡ್ರಿ. ಮ್ಯಾಲಿನ ಗದಗಿನ ತಂಗಿ ಪತ್ರ ಓದ್ರಿ, ಅದ ಕತಿ ಆಗತೈತಿ, ಇಲ್ಲಿ ಎಲುಬು ಕೊಯ್ದು ಆಮ್ಯಾಲ ಆಗತೈತಿ. ಈಗ ಒಂದು ಸೆಫಲೋಗ್ರಾಮ್ ತಗಸಿ ಇಡ್ರಿ, ವರ್ಷಕ್ಕೊಂದು ತಗಸ್ರಿ, ಒಂದರ ಮ್ಯಾಲೊಂದು ಇಟ್ಟು ನೋಡಿದಾಗ ಎರಡು ಸಲಾನೂ ಗೆರಿ ಕೂಡಿದ್ರ ಬೆಳವಣಿಗಿ ನಿಂತೈತಿ ಅಂತ ಅರ್ಥ. ಅಲ್ಲಿತನಕ ಹುಡುಗ ಡಿಗ್ರಿಗೆ ಬಂದಿರ್ತಾನ. ಹುಡುಗನ್ನ ಸಾಲ್ಯಾಗ ಯಾರರ ಏನರ ಅಂತಾರೇನು ಅಂತ ಒಮ್ಮೆ ಕೇಳ್ರಿ, ನಿಮ್ಮ ಪತ್ರದಾಗ ಎಸ್ಸೆಸ್ಸೆಲ್ಸಿ ಐತಿ, ಪಿಯುಸಿ ಐತಿ, ಅವನ ಮಾತು ಒಂದೂ ಇಲ್ಲ.

ಪ್ರಶ್ನೆ: ಮೇಡಂ, ದಿನಾ ಎರಡು ತಾಸು ಗಟ್ಟಿ ಚೂಯಿಂಗ್ ಗಮ್ ಅಗದು ನಾಲಿಗಿ ಮ್ಯಾಲಿನ ಅಂಗುಳಕ್ಕ ಒತ್ತಿ ಇಟ್ರ ದವಡಿ ತಾನ ಸರಿ ಆಗತೈತಿ ಅಂತ ವಿಡಿಯೋದಾಗ ತೋರಸ್ತಾರ, ನಾ ಮೂರು ತಿಂಗಳ ಆತು ಮಾಡಾಕತ್ತೀನಿ. ವಯಸ್ಸು 19. (ಹಾವೇರಿ)

ಉತ್ತರ: ಎಲುಬು ಸರಿಯಂಗಿಲ್ಲ ತಮ್ಮಾ. ಗಲ್ಲದ ಸ್ನಾಯು ದಪ್ಪ ಆಗತೈತಿ, ಕಿವಿ ಮುಂದಿನ ಕೀಲು ಕಟಕಟ ಅಂತೈತಿ, ಅದು ಈಗಾಗಲೇ ಸುರು ಆಗಿರಬೇಕು, ಅದಕ್ಕ ಪತ್ರ ಬರದೀ ಅಂತ ನನ್ನ ಗುಮಾನಿ. ಗಮ್ ಉಗಳು, ಹದಿನೈದು ದಿನ ಮೆತ್ತಗಿಂದು ತಿನ್ನು, ಕಟಕಟ ನಿಲ್ಲಲಿಲ್ಲಾಂದ್ರ ತೋರಸು.